ಮೂರನೇ ಮಾಲಕಿ

ಆರ್‌ಸಿ ಪುಸ್ತಕದಾಗ ನನ್ನ ಹೆಸರು ಮೂರನೇದು.
ಮೊದಲಿನಾಂವ ಸಾಂಗ್ಲಿ ಡಾಕ್ಟರ.
ಎರಡನೇ ಹೆಸರಿನ ಮ್ಯಾಲೆ ಶಿಕ್ಕಾ ಬಿದ್ದೈತಿ, ಓದಾಕ ಬರಂಗಿಲ್ಲ.
ಆಮ್ಯಾಲ ನಾನು, ನೀಲವ್ವ ಹಾದಿಮನಿ,
ನವನಗರ, ಬಾಗಲಕೋಟಿ,
ಗುಳೇದಗುಡ್ಡದ ಖಣದ ವ್ಯಾಪಾರ.

"ಎಂಬತ್ತೆರಡ ಸಾವಿರ ಕಿಲೋಮೀಟರ್ ಅಷ್ಟ ಓಡೇತ್ರಿ ಅಕ್ಕಾರ"
ಅಂದ ಏಜಂಟ.
ಬ್ರೇಕಿನ ಪೆಡಲ್ ಬ್ಯಾರೇನ ಹೇಳ್ತಿತ್ತು:
ರಬ್ಬರು ಒಂದ ಮಗ್ಗಲ ಸವದು
ಒಳಗಿನ ತಗಡ ಮಿಂಚತಿತ್ತು.
ಮೀಟರ ತಿರುವಬಹುದು, ಕಾಲ ತಿರುವಾಕ ಬರಂಗಿಲ್ಲ.
ಗೊತ್ತಿದ್ದೂ ತಗೊಂಡೆ.
ಹಿಂದಿನ ಎರಡೂ ಸೀಟ ಮಡಚಿದ್ರ
ಎರಡ ಸಾವಿರ ಖಣ ಹಿಡೀತಾವ,
ಕೈಯಾಗ ರೊಕ್ಕ ಅಷ್ಟ ಇತ್ತು.

ಮುಂಜಾನಿ ಚಾಲೂ ಮಾಡಿದ್ರ
ಲಾಳಿ ತಪ್ಪಿದ ಮಗ್ಗದಂಗ ಕಟಕಟ ಅಂತೈತಿ,
ಎಣ್ಣಿ ಮ್ಯಾಲೇರೂತನಕ.
ಎರಡನೇ ಗೇರಿಗೆ ಅರ್ಧ ಉಸರ ಕಾಯಬೇಕು,
ಅವಸರ ಮಾಡಿದ್ರ ಹಲ್ಲ ಕಡೀತೈತಿ.
ಏಸಿ ನಾಕರ ಮ್ಯಾಲೆ ಇಟ್ರ ಅಷ್ಟ ಗಾಳಿ,
ಒಂದು, ಎರಡು, ಮೂರು ಬರೇ ಅಂಕಿ.
ಮೀಟರಿನಾಗ ಒಂದು ಹಳದಿ ದೀಪ,
ನಂದಾದೀಪ ಅಂತ ಬಿಟ್ಟೀನಿ.
ಹಿಂದಿನ ಎಡಗಡೆ ಗಾಜ ಇಳದ್ರ ಏರಂಗಿಲ್ಲ,
ಎರಡೂ ಅಂಗೈ ಹಚ್ಚಿ ಮ್ಯಾಲೆ ನೂಕಬೇಕು,
ರಂಬಿಸಿ ರಂಬಿಸಿ, ಹಟ ಹಿಡದ ಕೂಸಿನಂಗ.

ಒಂದಿನ ದೀಪ ಎಲ್ಲಾ ಒಮ್ಮೆಲೇ ಹತ್ತಿ
ಎಲ್ಲಾ ಒಮ್ಮೆಲೇ ಆರಿದುವು.
ಲಾಲಸಾಬ ಮುಲ್ಲಾ ಸೀಟ ಕಿತ್ತ, ಕಾರ್ಪೆಟ್ ಎತ್ತಿದ,
ಎತ್ತಿದಾಂವ ಹಂಗ ನಿಂತ.
ಕೆಳಗ ಒಣಗಿದ ಕೆಸರು, ಬೆರಳ ದಪ್ಪ,
ಅದರಾಗ ಒಂದು ಸಣ್ಣ ಬಸವನಹುಳದ ಚಿಪ್ಪು.
"ಇದು ನೀರ ಕುಡದ ಗಾಡಿರೀ ಅಕ್ಕ."
"ಯಾವ ನೀರು?"
"ಸಾಂಗ್ಲಿ ಅಂದಮ್ಯಾಲ, ಕೃಷ್ಣಾನ."

ನಗು ಬಂತು ನನಗ. ಅಂವಗ ತಿಳೀಲಿಲ್ಲ.
ಹಳೇ ಊರಾಗ ನಮ್ಮ ಮನಿಗೆ ಬಂದದ್ದೂ
ಆಲಮಟ್ಟಿಯಾಗ ನಿಂತ ಅದ ಹೊಳೀ ನೀರು.
ಅದು ಬರೂದರೊಳಗ ಅಪ್ಪ
ಬಾಗಿಲಾ ಚೌಕಟ್ಟಾ ಕಿತ್ತು ಟ್ರಾಕ್ಟರಿಗೆ ಹೇರಿದ್ದ.
ಸೆಕ್ಟರಿನ ಹೊಸಾ ಮನಿಗೆ ಅದು ಮೂರ ಬೆರಳ ಗಿಡ್ಡಾತು,
ಮ್ಯಾಲೆ ಸಿಮೆಂಟ ಹಚ್ಚೀವಿ.
ಶ್ರಾವಣದಾಗ ಇನ್ನೂ ಬಿಗೀತೈತಿ.

"ವಾಪಸ್ ಕೊಟ್ಟ ಬರ್ರಿ" ಅಂದ ಲಾಲಸಾಬ.
ಏಜಂಟನ ಫೋನು ಆ ಹೊತ್ತಿಗೆ ಬಂದಾಗಿ ತಿಂಗಳಾಗಿತ್ತು.

ವಾಯರು ಬಿಚ್ಚಿ ನೋಡಿದ್ರ
ಮ್ಯಾಲೆ ಹೊಸದರಂಗ, ಒಳಗ ತಾಮ್ರ ಹಸರಾಗಿತ್ತು.
ಎರಡ ದಿನ ಗ್ಯಾರೇಜಿನ್ಯಾಗ ಕುಂತೆ.
ಅಂವ ಬೆಸಿಗಿ ಹಾಕಂವ,
ನಾನು ಎಳಿ ಎಳಿ ಬ್ಯಾರೆ ಮಾಡಾಕಿ.
ನೇಕಾರನ ಮಗಳಿಗೆ ಹರದ ಎಳಿ ಹುಡುಕೂದ ಹೊಸದೇನು?
"ಹಸರು-ಬಿಳಿ ಎಲ್ಲಿ ಹೋತ್ರಿ?"
"ಕಂದು-ಕರೀದರ ಕೆಳಗ ಅಡಗೇತಿ, ಹಿಡಿ."
ಕೂಡಿಸಿದ ಗಂಟು ಎಪ್ಪತ್ತಮೂರು.
ಲೆಕ್ಕ ಅಂವಾ ಇಟ್ಟಿದ್ದ. ಬಿಲ್ಲಿನ್ಯಾಗ ಮಾತ್ರ ಬರೀಲಿಲ್ಲ.

ಈಗ ಗುಳೇದಗುಡ್ಡದ ಏರಿನ್ಯಾಗ
ಮುಳ್ಳು ಕೆಂಪಿಗೆ ಹೊಂಟ್ರ
ಹೀಟರ್ ಹಚ್ಚತೀನಿ, ಮೇ ತಿಂಗಳದಾಗ,
ಇಂಜಿನ್ನಿನ ಉರಿ ನನ್ನ ಮೊಣಕಾಲಿಗೆ ಇಳಿಸಿಕೊಂತ,
ಗಾಜ ಎಲ್ಲಾ ಇಳಿಸಿ, ಬೆವರು ಕಣ್ಣಾಗ.
ಎದುರ ಬಂದ ಬಸ್ಸಿನ ಮಂದಿ
ಹೆಣಮಗಳಿಗೆ ಹುಚ್ಚ ಹಿಡದೈತಿ ಅಂತಾರ.
ಏರ ಮುಗದಮ್ಯಾಲ ಮುಳ್ಳು ತಾನ ಇಳೀತೈತಿ.
ಯಾವಾಗಲೂ ಅಲ್ಲ.

ಮೊನ್ನೆ ಅಮೀನಗಡದಾಂವ ಒಬ್ಬ ಕೇಳಾಕ ಬಂದ.
"ಭರೋಸಾದ ಗಾಡಿ ಏನ್ರಿ?"
ಕುಂಡ್ರಿಸಿ ಚಹಾ ಕೊಟ್ಟು ಎಲ್ಲಾ ಹೇಳಿದೆ,
ಲಾಳಿ ಸದ್ದು, ಎರಡನೇ ಗೇರು, ಹೀಟರು,
ಯಾವ ಹೊಳಿ, ಎಷ್ಟ ಗಂಟು.
ಪೆಡಲಿನ ರಬ್ಬರ ಬದಲಿಸಿಲ್ಲ ಅಂತನೂ ಹೇಳಿದೆ,
ಆ ಸವಕಳಿ ಈಗ ನನ್ನ ಹಿಮ್ಮಡಕ್ಕ ಸರೀ ಕುಂಡ್ರತೈತಿ.

ಅಂವ ಕಪ್ಪ ಇಟ್ಟು ಗಾಡಿ ಸುತ್ತ ತಿರುಗಿದ.
"ಮತ್ತ ಕೊಡೂದು ಹೌದಲ್ಲೋ?"
ಅದನ್ನ ನಾ ಇನ್ನೂ ಯೋಚನಿ ಮಾಡಿರಲಿಲ್ಲ.
ಮೋಡ ಏರಿತ್ತು, ಎಡಗಡೆ ಗಾಜ ಇಳದಿತ್ತು.
"ತಡೀರಿ" ಅಂದೆ, "ಮೊದಲ ಇದನ್ನ ಹಿಡೀರಿ,
ಆ ಕಡಿಂದ ನೀವು, ಈ ಕಡಿಂದ ನಾನು,
ಮೆಲ್ಲಕ."